ಸೆಸಮಿ ಸ್ಟ್ರೀಟ್‌ನಲ್ಲಿ ಅಂಗಡಿ ಹೂಪರ್ ತೀರಿಕೊಂಡ ಎಪಿಸೋಡನ್ನು ಐದು ವರ್ಷದ ಮಗುವಿಗೆ ತೋರಿಸಬಹುದಾ?

ತೋರಿಸಬಹುದು. ಆದರೆ ಮೊದಲು ನೀವೊಬ್ಬರೇ ಕೂತು ನೋಡಿ, ಆಮೇಲೆ ಮಗಳ ಪಕ್ಕ ಕೂತು ತೋರಿಸಿ.

ನೀವು ಬರೆದಿರುವ ಪ್ರಕಾರ ನಿಮ್ಮ ಮಾವನವರು ತೀರಿಕೊಂಡು ತಿಂಗಳಾಗಿದೆ. ಮಗಳು ದಿನಾ ಸಂಜೆ "ತಾತ ಯಾವಾಗ ಬರ್ತಾರೆ" ಅಂತ ಕೇಳ್ತಾಳೆ. ಮನೆಯಲ್ಲಿ ಒಬ್ಬರು "ಊರಿಗೆ ಹೋಗಿದ್ದಾರೆ" ಅಂದಿದ್ದಾರೆ, ಇನ್ನೊಬ್ಬರು "ನಕ್ಷತ್ರ ಆಗಿದ್ದಾರೆ" ಅಂದಿದ್ದಾರೆ. ಈಗ ಅವಳು ನಕ್ಷತ್ರದ ಊರಿಗೆ ಯಾವ ಬಸ್ಸು ಅಂತ ಕೇಳುತ್ತಿದ್ದಾಳೆ. ಯಾರೋ ಈ ಎಪಿಸೋಡ್ ತೋರಿಸಿ ಅಂದರು. ಅದರಲ್ಲಿ ಏನಿದೆ, ಮಗು ಹೆದರಿಕೊಂಡರೆ ಏನು ಗತಿ ಅನ್ನುವುದು ನಿಮ್ಮ ಪ್ರಶ್ನೆ. ನಾನು ಶಿಶುವಿಹಾರದಲ್ಲಿ ಮಕ್ಕಳ ಜೊತೆ ದಿನ ಕಳೆಯುವವಳು, ಆ ಅನುಭವದ ಮೇಲೆ ಹೇಳುತ್ತೇನೆ.

ಹಿನ್ನೆಲೆ ಚಿಕ್ಕದಾಗಿ. ಸೆಸಮಿ ಸ್ಟ್ರೀಟ್ ಅಮೆರಿಕದ ಟಿವಿಯಲ್ಲಿ 1969ರ ನವೆಂಬರ್‌ನಲ್ಲಿ ಶುರುವಾಯಿತು. ಇನ್ನೂ ಶಾಲೆಗೆ ಸೇರದ ಮಕ್ಕಳಿಗೆ ಗೊಂಬೆಗಳ ಮೂಲಕ ಅಕ್ಷರ, ಅಂಕಿ ಕಲಿಸುವ ಕಾರ್ಯಕ್ರಮ. ಹಿಂದಿಯ 'ಗಲಿ ಗಲಿ ಸಿಮ್ ಸಿಮ್' ನೋಡಿದ್ದರೆ ಅದರ ಮೂಲ ಇದೇ. ಆ ಬೀದಿಯಲ್ಲಿ ಹೂಪರ್ ಅಂತ ಒಬ್ಬ ವಯಸ್ಸಾದ ಅಂಗಡಿಯವರು. ಬಿಗ್ ಬರ್ಡ್ ಅನ್ನುವ ಎಂಟಡಿ ಎತ್ತರದ ಹಳದಿ ಹಕ್ಕಿಗೆ (ಎತ್ತರ ಎಂಟಡಿಯಾದರೂ ಬುದ್ಧಿ ಆರು ವರ್ಷದ ಮಗುವಿನದು) ಅವರ ಹೆಸರು ಸರಿಯಾಗಿ ನಾಲಿಗೆಗೆ ಹತ್ತುವುದೇ ಇಲ್ಲ. ಲೂಪರ್ ಅನ್ನುತ್ತದೆ, ಕೂಪರ್ ಅನ್ನುತ್ತದೆ. ಅವರು ಪ್ರತಿ ಸಲವೂ "ಹೂಪರ್, ಹೂಪರ್!" ಅಂತ ತಿದ್ದುತ್ತಾರೆ. ಈ ಪಾತ್ರ ಮಾಡುತ್ತಿದ್ದ ವಿಲ್ ಲೀ 1982ರ ಡಿಸೆಂಬರ್ 7ರಂದು ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 74 ವರ್ಷ.

ನಮ್ಮ ಧಾರಾವಾಹಿಗಳಲ್ಲಾದರೆ "ಇನ್ನು ಮುಂದೆ ಈ ಪಾತ್ರದಲ್ಲಿ" ಅಂತ ಒಂದು ಸಾಲು ಹಾಕಿ ಬೇರೆ ನಟನನ್ನು ತಂದು ನಿಲ್ಲಿಸುತ್ತಿದ್ದರು. ಸೆಸಮಿ ಸ್ಟ್ರೀಟ್ ತಂಡದ ಮುಂದೆಯೂ ಸುಲಭದ ದಾರಿಗಳಿದ್ದವು. ಅಂಗಡಿ ಬಿಟ್ಟು ನಿವೃತ್ತರಾದರು ಅನ್ನಬಹುದಿತ್ತು, ಬೇರೆ ಊರಿಗೆ ಹೋದರು ಅನ್ನಬಹುದಿತ್ತು. ಅದೆಲ್ಲ ಬೇಡ, ಸತ್ತಿದ್ದಾರೆ ಅಂತಲೇ ಹೇಳೋಣ ಅಂತ ತೀರ್ಮಾನಿಸಿ, ಮಕ್ಕಳ ಮನಶ್ಶಾಸ್ತ್ರ ಬಲ್ಲವರನ್ನು ಕೇಳಿ, ನಾರ್ಮನ್ ಸ್ಟೈಲ್ಸ್ ಅನ್ನುವವರಿಂದ ಬರೆಸಿದರು. ಪ್ರಸಾರವಾದದ್ದು 1983ರ ನವೆಂಬರ್ 24ರಂದು. ಅವತ್ತು ಅಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ, ಅಪ್ಪ ಅಮ್ಮ ಮನೆಯಲ್ಲಿರುವ ದಿನ. ಮಗು ನೋಡಿ ಏನಾದರೂ ಕೇಳಿದರೆ ಉತ್ತರ ಕೊಡಲು ದೊಡ್ಡವರು ಪಕ್ಕದಲ್ಲಿರಲಿ ಅಂತ ಬೇಕೆಂದೇ ಆರಿಸಿದ ದಿನ. ಪಕ್ಕ ಕೂತು ನೋಡಿ ಅಂತ ಮೊದಲೇ ಹೇಳಿದ್ದು ಅದಕ್ಕೇ.

ಈಗ ಆ ದೃಶ್ಯ. ನೋಡಲು ಐದಾರು ನಿಮಿಷವೂ ಆಗುವುದಿಲ್ಲ. ಅಂಗಡಿ ಮುಂದೆ ಮೇಜಿನ ಸುತ್ತ ಬೀದಿಯ ದೊಡ್ಡವರೆಲ್ಲ ಕೂತಿರುತ್ತಾರೆ. ಬಿಗ್ ಬರ್ಡ್ ಬಂದು ಒಬ್ಬೊಬ್ಬರಿಗೂ ತಾನು ಬರೆದ ಅವರವರ ಚಿತ್ರ ಕೊಡುತ್ತದೆ. (ಆ ಚಿತ್ರಗಳನ್ನು ನಿಜವಾಗಿ ಬರೆದವರು ಹಕ್ಕಿಯ ಒಳಗಿದ್ದ ಕಲಾವಿದ ಕ್ಯಾರಲ್ ಸ್ಪಿನ್ನೀ.) ಎಲ್ಲರೂ ನಗುತ್ತಾ ತಮಾಷೆ ಮಾಡುತ್ತಿರುವಾಗ ಕೊನೆಯ ಚಿತ್ರ ಉಳಿಯುತ್ತದೆ. ಇದು ಹೂಪರ್ ಅವರದು, ಎಲ್ಲಿ ಅವರು, ಕೊಡಬೇಕಿತ್ತು ಅನ್ನುತ್ತದೆ ಹಕ್ಕಿ. ಮರಿಯಾ ಮೆಲ್ಲಗೆ, ನೆನಪಿಲ್ವಾ, ನಿನಗೆ ಹೇಳಿದ್ವಲ್ಲ, ಹೂಪರ್ ಸತ್ತುಹೋದರು ಅನ್ನುತ್ತಾಳೆ. ಓ ಹೌದಲ್ಲ, ನೆನಪಾಯ್ತು, ಹಾಗಾದರೆ ವಾಪಸ್ ಬಂದಮೇಲೆ ಕೊಡ್ತೀನಿ ಅನ್ನುತ್ತದೆ ಹಕ್ಕಿ!

ಇಡೀ ಎಪಿಸೋಡಿನಲ್ಲಿ ನನಗೆ ಎಲ್ಲಕ್ಕಿಂತ ನಿಜ ಅನ್ನಿಸುವುದು ಈ ಒಂದು ಮಾತು. ವಿಷಯ ಹೊಸದಲ್ಲ, ಮೊದಲೇ ಹೇಳಿಯಾಗಿದೆ. ಮಗು ಕೇಳಿಸಿಕೊಂಡೂ ಇದೆ. ಆದರೆ ಸತ್ತವರು ವಾಪಸ್ ಬರುವುದಿಲ್ಲ ಅನ್ನುವುದು ಆ ವಯಸ್ಸಿನಲ್ಲಿ ಹೇಳಿದ ತಕ್ಷಣ ತಲೆಯಲ್ಲಿ ಕೂರುವ ವಿಷಯವಲ್ಲ. ಸಾಮಾನ್ಯವಾಗಿ ಐದರಿಂದ ಏಳರ ಒಳಗೆ ನಿಧಾನವಾಗಿ ಅರ್ಥವಾಗುತ್ತಾ ಹೋಗುತ್ತದೆ. ನಿಮ್ಮ ಮಗಳು ದಿನಾ ಅದೇ ಪ್ರಶ್ನೆ ಕೇಳುವುದು ಹಟಕ್ಕಲ್ಲ. ಅವಳ ವಯಸ್ಸೇ ಅಂಥದ್ದು.

ಅಲ್ಲಿಂದ ಮುಂದೆ ಹಕ್ಕಿಗೆ ಕೋಪ ಬರುತ್ತದೆ. ಹೂಪರ್ ವಾಪಸ್ ಬರಲೇಬೇಕು, ಅಂಗಡಿ ನೋಡಿಕೊಳ್ಳುವವರು ಯಾರು, ನನಗೆ ಕಾಳು ಹಾಕಿ ಮಿಲ್ಕ್‌ಶೇಕ್ ಮಾಡಿಕೊಡುವವರು ಯಾರು, ಕಥೆ ಹೇಳುವವರು ಯಾರು ಅನ್ನುತ್ತದೆ. ಆಗ ಡೇವಿಡ್, ಅಂಗಡಿ ನನಗೆ ಬಿಟ್ಟುಹೋಗಿದ್ದಾರೆ, ಮಿಲ್ಕ್‌ಶೇಕ್ ನಾನು ಮಾಡಿಕೊಡ್ತೀನಿ, ಕಥೆ ನಾವೆಲ್ಲ ಹೇಳ್ತೀವಿ ಅನ್ನುತ್ತಾನೆ. ದೊಡ್ಡವರು ಇಲ್ಲಿ ಬಹಳ ಸಲ ಎಡವುತ್ತೇವೆ. ಮಗು ಮಿಲ್ಕ್‌ಶೇಕ್ ಕೇಳಿದರೆ, ತಾತ ಹೋಗಿದ್ದಾರೆ ಇದಕ್ಕೆ ತಿಂಡಿ ಚಿಂತೆ ಅಂತ ಗದರುತ್ತೇವೆ. ಅದು ಕೇಳುತ್ತಿರುವುದು ತಿಂಡಿಯಲ್ಲ, ಇನ್ನು ನನ್ನನ್ನು ನೋಡಿಕೊಳ್ಳುವವರು ಯಾರು ಅಂತ. ಡೇವಿಡ್ ಅದಕ್ಕೆ ನೇರ ಉತ್ತರ ಕೊಡುತ್ತಾನೆ. ಆದರೂ ಹಕ್ಕಿ, ಮೊದಲಿನ ಹಾಗೆ ಇರಲ್ಲ ಅನ್ನುತ್ತದೆ. ಬಾಬ್ ಅದನ್ನೂ ಒಪ್ಪಿಕೊಳ್ಳುತ್ತಾನೆ. ಎಲ್ಲ ಸರಿಹೋಗುತ್ತೆ ಪುಟ್ಟ ಅನ್ನುವ ಮಾತು ಯಾರ ಬಾಯಲ್ಲೂ ಬರುವುದಿಲ್ಲ.

ಕೊನೆಗೆ ಹಕ್ಕಿ, ಎಲ್ಲ ಚೆನ್ನಾಗೇ ಇತ್ತಲ್ಲ, ಯಾಕೆ ಹೀಗಾಗಬೇಕು, ಒಂದು ಕಾರಣ ಹೇಳಿ ಅಂತ ಜೋರು ಮಾಡುತ್ತದೆ. ಗಾರ್ಡನ್ ಹತ್ತಿರ ಕಾರಣವಿಲ್ಲ. ಅದು ಹಾಗೇ, ಅಷ್ಟೇ ಅನ್ನುತ್ತಾನೆ. ಎಪಿಸೋಡಿನ ಶುರುವಿನಲ್ಲಿ ಬಿಗ್ ಬರ್ಡ್ ಬಗ್ಗಿ ಕಾಲುಗಳ ಮಧ್ಯೆ ತಲೆ ಹಾಕಿಕೊಂಡು ನಡೆಯುತ್ತಿರುತ್ತದೆ; ಯಾಕೋ ಅಂದರೆ ಇದೇ ಗಾರ್ಡನ್‌ಗೆ "ಹಾಗೇ" ಅಂತ ಹೇಳಿರುತ್ತದೆ. ಬರೆದವರ ಜಾಣತನ ನೋಡಿ, ಮಗುವಿಗೆ ಆಗಲೇ ಪರಿಚಯವಿರುವ ಉತ್ತರವನ್ನೇ ಮಗುವಿಗೆ ಕೊಟ್ಟರು.

ನಟರ ಕಣ್ಣಲ್ಲಿ ಬರುವ ನೀರು ನಟನೆಯಲ್ಲ. ಹದಿಮೂರು ವರ್ಷ ಜೊತೆಯಲ್ಲಿ ಕೆಲಸ ಮಾಡಿದ ಮನುಷ್ಯ ಅವರಿಗೆ. ಸ್ಪಿನ್ನೀ ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು ಕೊಕ್ಕು ಆಡಿಸುತ್ತಾ, ಎದೆಗೆ ಕಟ್ಟಿಕೊಂಡ ಪುಟ್ಟ ಟಿವಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತಾ ಹಕ್ಕಿಯೊಳಗೆ ನಿಂತಿದ್ದರು. ಅವರೂ ಒಳಗೆ ಅಳುತ್ತಿದ್ದರು. ಮಗು ನೋಡುವಾಗ ಗೊಂಬೆ ಅಳುವುದಿಲ್ಲ, ದೊಡ್ಡವರು ಅಳುತ್ತಾರೆ. ಕೆಲವು ಮಕ್ಕಳು ಇದನ್ನು ಗಮನಿಸಿ ಕೇಳುತ್ತವೆ, "ಆ ಅಂಕಲ್ ಯಾಕೆ ಅಳ್ತಿದಾರೆ" ಅಂತ. ಕೇಳಿದರೆ ಒಳ್ಳೆಯದೇ. ಮನೆಯಲ್ಲಿ ನೀವು ಬಚ್ಚಲುಮನೆಗೆ ಹೋಗಿ ಅತ್ತು ಮುಖ ತೊಳೆದುಕೊಂಡು ಬರುತ್ತಿದ್ದರೆ, ಆ ಮಾತು ಶುರುಮಾಡಲು ದಾರಿ ಸಿಕ್ಕ ಹಾಗಾಯಿತು.

ದೃಶ್ಯದಲ್ಲಿ ಇಲ್ಲದಿರುವುದನ್ನೂ ಗಮನಿಸಿ. ಸ್ವರ್ಗವಿಲ್ಲ, ದೇವರಿಲ್ಲ, ನಿದ್ದೆ ಹೋದರು ಅನ್ನುವುದಿಲ್ಲ. ಕಾಯಿಲೆಯ ಮಾತೂ ಇಲ್ಲ. ಕಾಯಿಲೆ ಬಂದು ಸತ್ತರು ಅಂದರೆ, ನಾಳೆ ಜ್ವರ ಬಂದಾಗ ಮಗು ತಾನೂ ಸಾಯುತ್ತೇನೆ ಅಂದುಕೊಳ್ಳಬಹುದು ಅಂತ ಬೇಕೆಂದೇ ಬಿಟ್ಟರು. ದೇವರ ವಿಷಯ ಅವರವರ ಮನೆಗೆ ಬಿಟ್ಟರು. ಹಾಗಾಗಿ ನೀವು ದೇವರ ಹತ್ತಿರ ಹೋಗಿದ್ದಾರೆ ಅಂತ ನಂಬುವವರಾದರೆ ಇದರಿಂದ ತೊಂದರೆಯಿಲ್ಲ. ನಿಮ್ಮ ಅತ್ತೆಯವರು ಹೇಳುವುದನ್ನು ತಡೆಯಬೇಕಾಗಿಯೂ ಇಲ್ಲ. ಆದರೆ "ವಾಪಸ್ ಬರಲ್ಲ" ಅನ್ನುವುದನ್ನು ಮನೆಯವರೆಲ್ಲ ಒಂದೇ ರೀತಿ ಹೇಳಲಿ. "ಊರಿಗೆ ಹೋಗಿದ್ದಾರೆ" ಅನ್ನುವುದನ್ನಂತೂ ಇವತ್ತೇ ನಿಲ್ಲಿಸಿ. ನಾಳೆ ನೀವು ಊರಿಗೆ ಹೊರಟರೆ ಅವಳು ಬಿಡುವುದಿಲ್ಲ. ನಮ್ಮ ಪಕ್ಕದ ಮನೆಯಲ್ಲಿ ತಿಥಿಯ ದಿನ ಕಾಗೆಗೆ ಅನ್ನ ಇಟ್ಟು, ನೋಡು ತಾತ ಬಂದಿದ್ದಾರೆ ಅಂತ ತೋರಿಸಿದರು. ಹುಡುಗ ಬಹಳ ಹೊತ್ತು ನೋಡಿ "ಕನ್ನಡಕ ಎಲ್ಲಿ?" ಅಂದ. ಶಾಸ್ತ್ರ ಬಿಡಿ ಅಂತ ನಾನು ಹೇಳುತ್ತಿಲ್ಲ. ಮಕ್ಕಳು ನಾವು ಹೇಳಿದ್ದನ್ನು ಹೇಳಿದ ಹಾಗೇ ನಂಬುತ್ತವೆ, ಅಷ್ಟು ನೆನಪಿದ್ದರೆ ಸಾಕು.

ಹೆದರಿಕೆಯ ಬಗ್ಗೆ. ಈ ತಂಡ ಕಣ್ಣು ಮುಚ್ಚಿ ಏನನ್ನೂ ಪ್ರಸಾರ ಮಾಡುವವರಲ್ಲ. 1992ರಲ್ಲಿ ಅಪ್ಪ ಅಮ್ಮ ವಿಚ್ಛೇದನ ಪಡೆಯುವ ಒಂದು ಎಪಿಸೋಡ್ ಮಾಡಿ, ಮೊದಲು ಮಕ್ಕಳಿಗೇ ತೋರಿಸಿದರು. ಮಕ್ಕಳು ಗಾಬರಿಯಾದವು, ಅಪ್ಪ ಅಮ್ಮ ಜಗಳವಾಡಿದರೆ ಬೇರೆಯಾಗಿಬಿಡುತ್ತಾರೆ ಅಂದುಕೊಂಡವು. ಅಷ್ಟು ಖರ್ಚು ಮಾಡಿ ಮುಗಿಸಿದ್ದನ್ನು ಪ್ರಸಾರವೇ ಮಾಡದೆ ಎತ್ತಿಟ್ಟರು. ಹೂಪರ್ ಎಪಿಸೋಡ್ ಪ್ರಸಾರವಾಯಿತು, ಇಂದಿಗೂ ಜನ ಹುಡುಕಿ ನೋಡುತ್ತಾರೆ.

ಭಾಷೆ ಇಂಗ್ಲಿಷ್, ಅದೂ ಆ ಕಾಲದ ಅಮೆರಿಕದ್ದು. ಮಗಳಿಗೆ ಪೂರ್ತಿ ಹಿಡಿಯಲಿಕ್ಕಿಲ್ಲ. ನಡುನಡುವೆ ನಿಲ್ಲಿಸಿ ನಿಮ್ಮ ಮನೆಯ ಮಾತಿನಲ್ಲೇ ಹೇಳುತ್ತಾ ಹೋಗಿ, ಸತ್ತರು ಅನ್ನಬೇಕಾದಲ್ಲಿ ಸತ್ತರು ಅಂತಲೇ ಅನ್ನಿ. ಮಲಗುವ ಹೊತ್ತಿಗೆ ಮಾತ್ರ ಬೇಡ, ಹಗಲು ಹೊತ್ತು ತೋರಿಸಿ. ಅವಳು ಮಧ್ಯದಲ್ಲೇ ಎದ್ದು ಆಟಕ್ಕೆ ಓಡಿದರೆ ಕರೆದು ಕೂರಿಸಬೇಡಿ. ಎರಡು ದಿನ ಬಿಟ್ಟು ಊಟಕ್ಕೆ ಕೂತಾಗಲೋ ಸ್ನಾನ ಮಾಡಿಸುವಾಗಲೋ ತಾನಾಗಿಯೇ ಆ ಹಳದಿ ಹಕ್ಕಿಯ ಮಾತೆತ್ತುತ್ತಾಳೆ. ಆಗ ಕೈಯಲ್ಲಿರುವ ಕೆಲಸ ಬಿಟ್ಟು ಮಾತಾಡಿ.