ಬೋರಿಸ್ ವಿಷ್ಯಕ್ಕೆ ಭಾವನ ಹತ್ರ ಮಾತು ಬಿಟ್ಟಿದೀನಿ, ಅಮ್ಮನ ತಿಥಿಗೆ ಕರೀಲಾ ಬೇಡ್ವಾ?

ಪ್ರಶ್ನೆ: ನಾವು ಮೈಸೂರಿನವರು, ಈಗ ಇಂಗ್ಲೆಂಡಿನ ರೆಡಿಂಗ್‌ನಲ್ಲಿದೀವಿ, ಅಕ್ಕ ಭಾವ ಸ್ಲೌನಲ್ಲಿ. ಅಕ್ಕನ ಬಾಣಂತನಕ್ಕೆ ಅಂತ ಬಂದ ಅಮ್ಮ 2020ರ ಏಪ್ರಿಲ್‌ನಲ್ಲಿ ಕೋವಿಡ್ ಬಂದು ಇಲ್ಲೇ ತೀರಿಕೊಂಡ್ರು. ಆಸ್ಪತ್ರೆ ಒಳಗೆ ಬಿಡ್ಲಿಲ್ಲ, ನರ್ಸ್ ಹಿಡ್ಕೊಂಡಿದ್ದ ಟ್ಯಾಬ್‌ನಲ್ಲಿ ಕೊನೇ ಸಲ ಮುಖ ನೋಡಿದ್ದು. ಭಾವ, ಇಲ್ಲಿ ಪ್ರಧಾನಿ ಆಗಿದ್ದ ಕನ್ಸರ್ವೇಟಿವ್ ಪಾರ್ಟಿಯ ಬೋರಿಸ್ ಜಾನ್ಸನ್‌ಗೆ ಕಟ್ಟಾ ಅಭಿಮಾನಿ. ‘ಒಂದು ಪೀಸ್ ಕೇಕ್ ತಿಂದಿದ್ದಕ್ಕೆ ಅಂಥಾ ಲೀಡರನ್ನ ಕಳಿಸಿದ್ರು, ಅವನಿದ್ದಿದ್ರೆ ಪಾರ್ಟಿ ಗೆಲ್ತಿತ್ತು’ ಅಂತಾರೆ. ಇದೇ ಮಾತಿಗೆ ಒಂದ್ಸಲ ಊಟದ ಮಧ್ಯೆ ಜೋರು ಜಗಳ ಆಯ್ತು, ಅಕ್ಕ ಎದ್ದು ಅಡುಗೆಮನೆಗೆ ಹೋದ್ಲು. 2024ರ ಜುಲೈನಲ್ಲಿ ಎಲೆಕ್ಷನಲ್ಲಿ ಆ ಪಾರ್ಟಿ ಸೋತ ರಿಸಲ್ಟ್ ಬಂದ ದಿನ ಫ್ಯಾಮಿಲಿ ಗ್ರೂಪಲ್ಲಿ ‘ಈಗ ಗೊತ್ತಾಯ್ತಾ ಭಾವ?’ ಅಂತ ಹಾಕ್ದೆ, ಅವರು ಗ್ರೂಪೇ ಬಿಟ್ರು. ಮುಂದಿನ ತಿಂಗಳು ಅಮ್ಮನ ತಿಥಿ. ಅಕ್ಕನ್ನ ಮಾತ್ರ ಕರೆದ್ರೆ ತಪ್ಪಾ?

ಉತ್ತರ: ಇಬ್ಬರನ್ನೂ ಕರೀರಿ. ಅಕ್ಕನ್ನ ಮಾತ್ರ ಕರೆದ್ರೆ ಅವರು ಗಂಡನ್ನ ಬಿಟ್ಟು ಬರೋಕಾಗ್ದೆ ಹೆತ್ತ ತಾಯಿ ತಿಥಿ ತಪ್ಪಿಸೋಕೂ ಆಗ್ದೆ ಒದ್ದಾಡ್ತಾರೆ, ಆ ಸಂಕಟಕ್ಕೆ ಅವರನ್ನ ದೂಡಬೇಡಿ.

ಬೋರಿಸ್ ಮಾಡಿದ್ದು ತಪ್ಪಾ ಅಂದ್ರೆ ತಪ್ಪು, ಅದ್ರಲ್ಲಿ ನಂಗೆ ಅನುಮಾನವೇ ಇಲ್ಲ. 2020ರ ಮೇ 20ಕ್ಕೆ, ಅಂದ್ರೆ ನಿಮ್ಮಮ್ಮ ಹೋಗಿ ಸರಿಯಾಗಿ ಎರಡು ತಿಂಗಳೂ ಆಗಿರ್ಲಿಲ್ಲ, ಲಾಕ್‌ಡೌನ್ ಇದ್ದಾಗ್ಲೇ, ಪ್ರಧಾನಿ ಮನೆ ಆಫೀಸು ಇರೋ ಡೌನಿಂಗ್ ಸ್ಟ್ರೀಟ್ ಗಾರ್ಡನ್‌ಗೆ ಸುಮಾರು ನೂರು ಜನರಿಗೆ ನಿಮ್ಮ ನಿಮ್ಮ ಡ್ರಿಂಕ್ಸ್ ತನ್ನಿ ಅಂತ ಈಮೇಲ್ ಹೋಗಿತ್ತು, ಬೋರಿಸ್ಸೂ ಅಲ್ಲಿಗೆ ಬಂದಿದ್ರು. ಜೂನ್‌ನಲ್ಲಿ ತಮ್ಮ ಬರ್ತ್‌ಡೇ ನೆಪದಲ್ಲಿ ಸೇರಿದ್ದಕ್ಕೆ (ಭಾವ ಹೇಳೋ ಕೇಕ್ ಇದೇ) ಆಮೇಲೆ ಪೊಲೀಸ್ರು ಬೋರಿಸ್‌ಗೆ ಫೈನ್ ಹಾಕಿದ್ರು, ಆಗ ಹಣಕಾಸು ಮಂತ್ರಿ ಆಗಿದ್ದ ಸುನಕ್‌ಗೂ ಬಿತ್ತು. ನನಗೆ ಫೈನ್‌ಗಿಂತ ಹೆಚ್ಚು ಚುಚ್ಚೋದು 2021ರ ಡಿಸೆಂಬರ್‌ನಲ್ಲಿ ಪಾರ್ಲಿಮೆಂಟಲ್ಲಿ ನಿಂತು ಎಲ್ಲಾ ರೂಲ್ಸೂ ಪೂರ್ತಿ ಪಾಲಿಸಿದೀವಿ ಅಂದಿದ್ದು. ಅದು ಸದನದ ದಾರಿ ತಪ್ಪಿಸಿದ್ದು ಅಂತ 2023ರ ಜೂನ್‌ನಲ್ಲಿ ಸದಸ್ಯರ ನಡತೆ ವಿಚಾರಿಸೋ ಪ್ರಿವಿಲೆಜಸ್ ಕಮಿಟಿ ರಿಪೋರ್ಟ್ ಕೊಡ್ತು, ಆ ಕಮಿಟೀಲಿ ಅವರದೇ ಪಾರ್ಟಿಯವರು ಹೆಚ್ಚಿದ್ರು, ಸದನ ಅದನ್ನ 354ಕ್ಕೆ 7 ವೋಟಲ್ಲಿ ಒಪ್ಕೊಳ್ತು. ಹಾಗಾಗಿ ‘ಒಂದು ಪೀಸ್ ಕೇಕ್’ ಅನ್ನೋ ಮಾತು ನಿಮ್ಮನೇಲಿ ಯಾರೂ ಆಡಬಾರದಿತ್ತು, ನಿಮಗೆ ಅಷ್ಟು ಸಿಟ್ಟು ಬಂದಿದ್ದು ನ್ಯಾಯವೇ.

ಆದ್ರೆ ಭಾವ ವಾದ ಮಾಡ್ತಿರೋದು ಇನ್ನೊಂದು, ಸೀಟಿನ ಲೆಕ್ಕ. ಅಲ್ಲಿ ನೀವಂದಷ್ಟು ಸಲೀಸಾಗಿಲ್ಲ. 2019ರಲ್ಲಿ 365 ಸೀಟು ಬಂದಿದ್ದು ಬೋರಿಸ್ ಮುಖ ನೋಡಿ ಅನ್ನೋದ್ರಲ್ಲಿ ಬೇಕಾದಷ್ಟು ನಿಜ ಇದೆ. 2024ರಲ್ಲಿ 121ಕ್ಕೆ ಇಳಿದಿದ್ದಕ್ಕೆ ಪಾರ್ಟಿಗೇಟ್, ಅಂದ್ರೆ ಈ ಲಾಕ್‌ಡೌನ್ ಪಾರ್ಟಿ ಹಗರಣ, ಒಂದೇ ಕಾರಣ ಅಂತ ಹೇಗೆ ಹೇಳ್ತೀರಿ, ಮಧ್ಯೆ ಬೋರಿಸ್ ಆದ್ಮೇಲೆ ಪ್ರಧಾನಿ ಆದ ಲಿಜ್ ಟ್ರಸ್ ಬಜೆಟ್ ಆಗಿ ಮಾರ್ಟ್‌ಗೇಜ್ ಬಡ್ಡಿ ಏರಿತ್ತು, ರಿಫಾರ್ಮ್ ಪಾರ್ಟಿ ಬೇರೆ ನೂರಕ್ಕೆ 14ರಷ್ಟು ವೋಟ್ ಎಳ್ಕೊಂಡು ಹೋಯ್ತು. ಬೋರಿಸ್ ರಾಜೀನಾಮೆ ಕೊಟ್ಟ ಅಕ್ಸ್‌ಬ್ರಿಜ್ ಸೀಟನ್ನ ಬೈ ಎಲೆಕ್ಷನಲ್ಲಿ ಅದೇ ಪಾರ್ಟಿ 495 ವೋಟಲ್ಲಿ ಉಳಿಸ್ಕೊಳ್ತು, ಅಲ್ಲಿ ಜನ ನೋಡಿದ್ದು ಹೊಗೆ ಉಗುಳೋ ಹಳೇ ಕಾರಿಗೆ ಲಂಡನ್ನಲ್ಲಿ ಹಾಕೋ ಚಾರ್ಜ್ ವಿಷ್ಯಾನ. ಹಾಗಂತ ಭಾವ ಹೇಳೋ ಹಾಗೆ ಅವರಿದ್ದಿದ್ರೆ ಗೆಲ್ತಿತ್ತು ಅಂತಾನೂ ನಾನು ನಂಬಲ್ಲ. ಅವರು ಪ್ರಧಾನಿ ಆಗಿದ್ದಾಗ್ಲೇ 2022ರ ಜೂನ್‌ನಲ್ಲಿ ಬೈ ಎಲೆಕ್ಷನಲ್ಲಿ ಟಿವರ್ಟನ್ ಸೀಟು ಕೈಬಿಟ್ಟು ಹೋಯ್ತು, ಅಲ್ಲಿ ಮುಂಚೆ 24 ಸಾವಿರದ ಮೇಲೆ ಲೀಡ್ ಇತ್ತು, ಅದಾದ ಎರಡು ವಾರಕ್ಕೆ ಸ್ವಂತ ಮಂತ್ರಿಗಳೇ ಸಾಲಾಗಿ ರಾಜೀನಾಮೆ ಕೊಟ್ರು. ಈ ವಾದ ನೀವಿಬ್ರೂ ಗೆಲ್ಲೋಕಾಗಲ್ಲ, ಯಾಕಂದ್ರೆ ಆ ಎಲೆಕ್ಷನ್ ನಡೀಲೇ ಇಲ್ಲ. ಪಾರ್ಟಿ ಸೋತಿದ್ರಿಂದ ಅಮ್ಮನಿಗೆ ನ್ಯಾಯ ಸಿಕ್ತು ಅಂತ ನೀವಂದ್ಕೊಂಡಿದ್ರೆ, ನಾಳೆ ಅದೇ ಪಾರ್ಟಿ ಗೆದ್ರೆ ಏನಂತೀರಿ? ಗೆದ್ರೂ ಸೋತ್ರೂ ಆ ಗಾರ್ಡನ್ ಪಾರ್ಟಿ ತಪ್ಪೇ.

ನಿಮ್ಮ ಕಾಗದದಲ್ಲಿ ನಂಗೆ ಕಾಡ್ತಿರೋದು ಅಕ್ಕ. ಅವರ ಬಗ್ಗೆ ಒಂದೇ ಸಾಲು ಬರ್ದಿದೀರಿ, ಎದ್ದು ಅಡುಗೆಮನೆಗೆ ಹೋದ್ಲು ಅಂತ. ಸತ್ತಿದ್ದು ಅವರಮ್ಮನೂ ಹೌದಲ್ವಾ, ಅದೂ ಅವರ ಬಾಣಂತನಕ್ಕೆ ಅಂತ ಸಮುದ್ರ ದಾಟಿ ಬಂದವರು. ನಾನು ಕರೆಸ್ದೇ ಇದ್ದಿದ್ರೆ ಅಮ್ಮ ಮೈಸೂರಲ್ಲಿ ಇರ್ತಿದ್ರೇನೋ ಅಂತ ಎಷ್ಟು ರಾತ್ರಿ ಕೊರಗಿದಾರೋ. ಭಾವನಿಗೂ ಅದು ಇಲ್ಲ ಅಂತ ಹೇಗೆ ಹೇಳೋದು, ಟಿಕೆಟ್ ಮಾಡಿಸಿದ್ದು ಅವರೇ ಆಗಿದ್ರೆ ಕೋವಿಡ್ ಮಾತು ಬಂದಾಗೆಲ್ಲ ‘ಕೇಕ್’ ಅಂತ ಹಗುರ ಮಾಡಿ ತಪ್ಪಿಸ್ಕೊಳ್ತಿರಬಹುದು. ಇದು ನನ್ನ ಊಹೆ ಅಷ್ಟೇ, ಅವರ ಮುಂದೆ ಹಾಗಂತ ಹೇಳೋಕೆ ಹೋಗ್ಬೇಡಿ.

ಮೊದಲು ಅಕ್ಕನಿಗೆ ಫೋನ್ ಮಾಡಿ, ಬೋರಿಸ್ ಹೆಸರೇ ಎತ್ತಬೇಡಿ, ಆ ದಿನ ಅಡುಗೆಮನೇಲಿ ಒಬ್ಳೇ ನಿಂತು ಏನು ಅನ್ನಿಸ್ತು ನಿಂಗೆ ಅಂತ ಕೇಳಿ ಸುಮ್ನಿರಿ. ಅವರು ಅತ್ರೆ ಅಳ್ಲಿ, ನಿಮಗೂ ಅಳು ಬಂದ್ರೆ ಬರ್ಲಿ. ಭಾವನ್ನ ಕರೆಯೋಕೆ ಮಾತ್ರ ವಾಟ್ಸಾಪ್ ಬೇಡ, ಸ್ಲೌ ಟ್ರೇನಲ್ಲಿ ಅರ್ಧ ಗಂಟೆ ದಾರಿ, ಮನೆಗೇ ಹೋಗಿ. ‘ಭಾವ, ಗ್ರೂಪಲ್ಲಿ ನಿಮ್ಮನ್ನ ಹಾಗೆ ಎಲ್ಲರೆದುರು ಚುಚ್ಚಿದ್ದು ತಪ್ಪಾಯ್ತು. ನೀವು ಯಾರಿಗೆ ಬೇಕಾದ್ರೂ ವೋಟ್ ಹಾಕಿ, ನಾನು ಕೇಳಲ್ಲ. ಆದ್ರೆ ಆ ಕೇಕ್ ಮಾತು ನನ್ನೆದುರು ಆಡ್ಬೇಡಿ, ನಂಗೆ ಆ ಟ್ಯಾಬ್‌ನಲ್ಲಿ ಕಂಡ ಅಮ್ಮನ ಮುಖ ನೆನಪಾಗುತ್ತೆ’ ಅಂತ ನೇರವಾಗಿ ಹೇಳಿ. ಮಾವ ಸ್ಥಾನದಲ್ಲಿ ಮಗೂಗೂ ಏನಾದ್ರೂ ತಗೊಂಡು ಹೋಗಿ.

ತಿಥಿ ದಿನ ಬೇರೆ ನೆಂಟ್ರು ಯಾರಾದ್ರೂ ಈ ಮಾತು ತೆಗೆದ್ರೆ ಇವತ್ತು ಬೇಡ ಅಂತ ನೀವೇ ನಿಲ್ಸಿ, ಭಾವನ ಮುಖ ನೋಡಬೇಡಿ. ಭಾರತದ ಪಾಸ್‌ಪೋರ್ಟ್ ಇದ್ರೂ ಅಲ್ಲಿ ವಾಸ ಇರೋ ಕಾಮನ್‌ವೆಲ್ತ್ ದೇಶದವರು ಅಂತ ನಿಮಗೂ ವೋಟ್ ಇದೆ, 2029ರ ಆಗಸ್ಟ್ ಒಳಗೆ ಎಲೆಕ್ಷನ್ ಬಂದೇ ಬರುತ್ತೆ, ನಿಮ್ಮ ಸಿಟ್ಟು ಅಲ್ಲಿ ಹಾಕಿ. ಭಾವ ಬರಲ್ಲ ಅಂದ್ರೂ ಅಕ್ಕ ಮಗೂನ ಕರ್ಕೊಂಡು ಬರೋ ವ್ಯವಸ್ಥೆ ನೀವೇ ಮಾಡಿ, ಭಾವನಿಗೆ ವಡೆ ಪಾಯಸ ಅಕ್ಕನ ಕೈಲಿ ಕಳಿಸಿಕೊಡಿ.