ಒಂದೇ ಟೇಬಲ್‌ನಲ್ಲಿ ಎರಡು ಪ್ರೈಮರಿ ಕೀ ಇರಬಹುದಾ?

ಪ್ರಶ್ನೆ: ಟೇಬಲ್‌ಗೆ ಒಂದೇ ಪ್ರೈಮರಿ ಕೀ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ, ರಿಪೀಟ್ ಆಗದ ಮೌಲ್ಯ) ಅಂತಾರೆ. ಆದರೆ ನಾನು ನೋಡಿದ ಟೇಬಲ್‌ನಲ್ಲಿ ಎರಡು ಕಾಲಂಗಳಿಗೆ ಕೀ ಗುರುತಿದೆ. ಒಂದರಲ್ಲಿ ಅದೇ ನಂಬರ್ ಮತ್ತೆ ಮತ್ತೆ ಬಂದಿದೆ. ಹೇಗೆ ಸಾಧ್ಯ?

ಉತ್ತರ: ಅಲ್ಲಿರುವುದು ಎರಡು ಕೀ ಅಲ್ಲ, ಎರಡು ಕಾಲಂ ಸೇರಿ ಆದ ಒಂದೇ ಕೀ. ಇದಕ್ಕೆ ಕಾಂಪೋಸಿಟ್ ಕೀ ಅನ್ನುತ್ತಾರೆ.

ಯಾವ ವಿದ್ಯಾರ್ಥಿ ಯಾವ ಕೋರ್ಸ್‌ಗೆ ಸೇರಿದ್ದಾರೆ ಅಂತ ಬರೆದಿಡುವ ಟೇಬಲ್ ತಗೊಳ್ಳಿ. ವಿದ್ಯಾರ್ಥಿ 7, ಕೋರ್ಸ್ 101 ಅಂತ ಒಂದು ಸಾಲಿದೆ. 7, 102 ಸೇರಿಸಬಹುದು; 8, 101 ಕೂಡ ಸರಿ. ಮತ್ತೊಮ್ಮೆ 7, 101 ಹಾಕಿದರೆ ಮಾತ್ರ ಡೇಟಾಬೇಸ್ ಎರರ್ ಕೊಡುತ್ತದೆ. ಜೋಡಿ ರಿಪೀಟ್ ಆಗಬಾರದು, ಅಷ್ಟೇ. ಬಿಡಿ ಕಾಲಂ ರಿಪೀಟ್ ಆದರೆ ಏನೂ ತೊಂದರೆಯಿಲ್ಲ.

ಇನ್ನೊಂದು ನಿಯಮ: ಕೀಯಲ್ಲಿರುವ ಯಾವ ಕಾಲಂ ಕೂಡ ನಲ್, ಅಂದರೆ ಖಾಲಿ, ಆಗುವ ಹಾಗಿಲ್ಲ. ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್ ಮಾತ್ರ ಹಳೆಯ ಬಗ್ ಒಂದರಿಂದಾಗಿ ಸಾಮಾನ್ಯ ಟೇಬಲ್‌ಗಳಲ್ಲಿ ಇದನ್ನು ಪೂರ್ತಿ ಪಾಲಿಸುವುದಿಲ್ಲ. ಅಲ್ಲಿ ನಾಟ್ ನಲ್ ಅಂತ ನೀವೇ ಬರೆಯುವುದು ಒಳ್ಳೆಯದು.

ಜಾಸ್ತಿ ಜನ ಗಮನಿಸದ ವಿಷಯ ಅಂದರೆ ಕಾಲಂಗಳ ಕ್ರಮ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎರಡೂ ಡೇಟಾಬೇಸ್‌ಗಳು ಪ್ರೈಮರಿ ಕೀಗೆ ತಾವಾಗಿಯೇ ಇಂಡೆಕ್ಸ್ (ಬೇಗ ಹುಡುಕಲು ಜೋಡಿಸಿಟ್ಟ ಪಟ್ಟಿ) ಮಾಡುತ್ತವೆ. ಕೀಯಲ್ಲಿ ವಿದ್ಯಾರ್ಥಿ ಮೊದಲು, ಕೋರ್ಸ್ ಆಮೇಲೆ ಅಂತ ಬರೆದಿದ್ದರೆ ಆ ಇಂಡೆಕ್ಸ್ ಮೊದಲು ವಿದ್ಯಾರ್ಥಿ ನಂಬರ್ ಪ್ರಕಾರ, ಅದರೊಳಗೆ ಕೋರ್ಸ್ ಪ್ರಕಾರ ಜೋಡಣೆಯಾಗಿರುತ್ತದೆ. ಹಾಗಾಗಿ ಒಬ್ಬ ವಿದ್ಯಾರ್ಥಿಯ ಕೋರ್ಸ್‌ಗಳು ಬೇಗ ಸಿಗುತ್ತವೆ. ಒಂದು ಕೋರ್ಸ್‌ನ ವಿದ್ಯಾರ್ಥಿಗಳನ್ನು ಹುಡುಕಲು ಅದು ಅಷ್ಟಾಗಿ ನೆರವಾಗದು. ಅಂಥ ಹುಡುಕಾಟ ಜಾಸ್ತಿ ಇದ್ದರೆ ಕೋರ್ಸ್ ಕಾಲಂಗೆ ಬೇರೆ ಇಂಡೆಕ್ಸ್ ಹಾಕಿ.

ಇಂಥ ಟೇಬಲ್‌ಗೆ ಸುಮ್ನೆ ಐಡಿ ಕಾಲಂ ಸೇರಿಸಿ ಅದನ್ನೇ ಕೀ ಮಾಡುವವರೂ ಇದ್ದಾರೆ. ಮಾಡಿ, ಪರವಾಗಿಲ್ಲ. ಆದರೆ ಆ ಜೋಡಿಗೆ ಯೂನಿಕ್ ಕನ್‌ಸ್ಟ್ರೇಂಟ್ (ರಿಪೀಟ್ ಆಗಬಾರದು ಅನ್ನುವ ನಿಯಮ) ಹಾಕದಿದ್ದರೆ 7, 101 ಎಷ್ಟು ಸಲ ಬೇಕಾದರೂ ಒಳಗೆ ಬಂದುಬಿಡುತ್ತದೆ.