ಕ್ಯಾಬ್‌ಗೂ ಲಾರಿಗೂ ಡಿಕ್ಕಿ. ಎರಡು ವಿಮಾ ಕಂಪನಿಗಳೂ ಒಂದರ ಮೇಲೊಂದು ಹೇಳುತ್ತಿವೆ. ಪ್ರಯಾಣಿಕನಾದ ನನಗೆ ಪರಿಹಾರ ಕೊಡಬೇಕಾದವರು ಯಾರು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಕ್ಯಾಬ್‌ನ ಹಿಂದಿನ ಸೀಟಿನಲ್ಲಿದ್ದಿರಿ, ಕಾಲು ಮುರಿದು ರಾಡ್ ಹಾಕಿದ್ದಾರೆ. ಚಾರ್ಜ್‌ಶೀಟ್ ಲಾರಿ ಚಾಲಕನ ಮೇಲಿದೆ. ಲಾರಿಯ ವಿಮಾ ಕಂಪನಿ ಕ್ಯಾಬ್‌ನವನದೇ ತಪ್ಪು ಎನ್ನುತ್ತಿದೆ, ಕ್ಯಾಬ್‌ನ ಕಂಪನಿ 1.5 ಲಕ್ಷ ಕೊಡುತ್ತೇವೆ, ಸಹಿ ಹಾಕಿ ಎನ್ನುತ್ತಿದೆ.

ಸದ್ಯಕ್ಕೆ ಸಹಿ ಹಾಕಬೇಡಿ.

ನೀವು ಗಾಡಿ ಓಡಿಸುತ್ತಿರಲಿಲ್ಲ, ಹಾಗಾಗಿ ನಿಮ್ಮ ಪಾಲಿನ ತಪ್ಪು ಸೊನ್ನೆ. ಇಬ್ಬರು ಚಾಲಕರ ತಪ್ಪಿನಿಂದ ಮೂರನೆಯವನಿಗೆ ಪೆಟ್ಟಾದರೆ ಅದನ್ನು ಕಾಂಪೋಸಿಟ್ ನೆಗ್ಲಿಜೆನ್ಸ್ ಅನ್ನುತ್ತಾರೆ. ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಹಣ ವಸೂಲು ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2015ರ ಖೇನ್ಯೇಯಿ ಪ್ರಕರಣದಲ್ಲಿ ಹೇಳಿದೆ. ತಪ್ಪು ಒಬ್ಬನದು ಶೇ 70, ಇನ್ನೊಬ್ಬನದು ಶೇ 30 ಎಂಬಂಥ 70:30 ಲೆಕ್ಕ ಅವರವರ ನಡುವಿನದು. ನೀವೇ ಸ್ಟಿಯರಿಂಗ್ ಹಿಡಿದಿದ್ದರೆ ಕಥೆ ಬೇರೆ, ಆಗ ನಿಮ್ಮ ಪಾಲಿನ ಶೇಕಡಾವಾರು ಕಡಿತವಾಗುತ್ತಿತ್ತು.

ಹಾಗೆಂದು ಒಬ್ಬರ ಮೇಲೆ ಮಾತ್ರ ಕೇಸ್ ಹಾಕುವುದು ಜಾಣತನವಲ್ಲ. ಲಾರಿಯವರನ್ನಷ್ಟೇ ಎದುರುದಾರರಾಗಿ ಮಾಡಿದಿರಿ ಅನ್ನಿ. ವಿಚಾರಣೆಯಲ್ಲಿ ತಪ್ಪೆಲ್ಲ ಕ್ಯಾಬ್‌ನವನದು ಎಂದು ತೀರ್ಮಾನವಾದರೆ ನಿಮ್ಮ ಕೈಗೆ ಏನೂ ಬರದು. ಆದ್ದರಿಂದ ಎರಡೂ ವಾಹನಗಳ ಮಾಲೀಕರನ್ನೂ ವಿಮಾ ಕಂಪನಿಗಳನ್ನೂ ಸೇರಿಸಿ. ಚಾರ್ಜ್‌ಶೀಟ್ ಒಬ್ಬನ ಮೇಲಿದೆ ಅನ್ನುವುದು ಕೊನೆಯ ಮಾತಲ್ಲ. ಸ್ಥಳ ಮಹಜರು, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ ಇವನ್ನು ಅಪಘಾತ ಪರಿಹಾರದ ಕೇಸು ನಡೆಸುವ ನ್ಯಾಯಮಂಡಳಿ ನೋಡುತ್ತದೆ. ಯಾವ ಗಾಡಿಯ ಯಾವ ಭಾಗ ಜಖಂ ಆಗಿದೆ ಎನ್ನುವುದು ಎಷ್ಟೋ ಸಲ ಸಾಕ್ಷಿಗಳಿಗಿಂತ ಹೆಚ್ಚು ಮಾತಾಡುತ್ತದೆ. ಪೊಲೀಸ್ ದಾಖಲೆಗಳ ನಕಲು ಈಗಲೇ ತೆಗೆದಿಡಿ.

ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಅರ್ಜಿಯನ್ನು ಅಪಘಾತವಾದ 6 ತಿಂಗಳೊಳಗೆ ಹಾಕಿ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮವಿದು, ಹಳಬರು ಹೇಳುವ 'ಯಾವಾಗ ಹಾಕಿದರೂ ನಡೆಯುತ್ತದೆ' ಎಂಬ ಮಾತು ನಂಬಬೇಡಿ. ಅಪಘಾತ ಎಲ್ಲೇ ಆಗಿರಲಿ, ನೀವು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲೇ ಹಾಕಬಹುದು. ಬೆಂಗಳೂರಿನಲ್ಲಿ ಸ್ಮಾಲ್ ಕಾಸ್ ಕೋರ್ಟ್‌ಗಳು ಈ ಕೇಸುಗಳನ್ನು ನಡೆಸುತ್ತವೆ.

1.5 ಲಕ್ಷ ಕಡಿಮೆಯೋ ಹೆಚ್ಚೋ? ಒಂದು ಲೆಕ್ಕ ನೋಡಿ. ವಯಸ್ಸು 34, ತಿಂಗಳ ಆದಾಯ 20,000 ಎಂದಿಟ್ಟುಕೊಳ್ಳಿ. ವೈದ್ಯರು ಕಾಲಿಗೆ ಶೇ 30 ಅಂಗವೈಕಲ್ಯ ಬರೆದರೆ ನ್ಯಾಯಮಂಡಳಿ ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗವನ್ನು, ಅಂದರೆ ಶೇ 10 ಅನ್ನು, ಇಡೀ ದೇಹಕ್ಕೆ ಹಿಡಿಯುತ್ತದೆ. ಈ ವಯಸ್ಸಿಗೆ ಗುಣಕ, ಅಂದರೆ ವರ್ಷದ ನಷ್ಟವನ್ನು ಎಷ್ಟರಿಂದ ಗುಣಿಸಬೇಕು ಎಂಬ ಸಂಖ್ಯೆ, 16. 20,000 × 12 × 16 × ಶೇ 10 = 3,84,000. ಇದು ಮುಂದಿನ ಆದಾಯ ನಷ್ಟವೊಂದೇ. ಆಸ್ಪತ್ರೆ ಬಿಲ್ಲು, ಮಲಗಿದ್ದ ತಿಂಗಳುಗಳ ಸಂಬಳ, ನೋವು, ಆರೈಕೆ ಮಾಡಿದವರ ಖರ್ಚು, ರಾಡ್ ತೆಗೆಸುವ ಮುಂದಿನ ಆಪರೇಷನ್ ಎಲ್ಲ ಬೇರೆ. ನೀವು ಚಾಲಕರೋ ಗಾರೆ ಕೆಲಸದವರೋ ಆಗಿದ್ದರೆ ಶೇ 10 ಕೂಡ ಕಡಿಮೆಯೇ. ಕೆಲಸಕ್ಕೆ ಎಷ್ಟು ತೊಂದರೆಯಾಯಿತು ಅನ್ನುವುದೇ ಮುಖ್ಯ, ಅದನ್ನು ವೈದ್ಯರ ಬಾಯಲ್ಲಿ ಹೇಳಿಸಬೇಕು. ಸರ್ಟಿಫಿಕೇಟ್ ಕೊಟ್ಟವರು ಸಾಕ್ಷಿ ಹೇಳಲು ಬರದಿದ್ದರೆ ಆ ಕಾಗದಕ್ಕೆ ತೂಕ ಉಳಿಯದು.

ಕ್ಯಾಬ್‌ನ ಪಾಲಿಸಿ, ಪರ್ಮಿಟ್ ನೋಡಿ. ಬಿಳಿ ಬೋರ್ಡ್ ಕಾರನ್ನು ಬಾಡಿಗೆಗೆ ಬಿಟ್ಟಿದ್ದರೆ ಅದರ ಕಂಪನಿ ನುಣುಚಿಕೊಳ್ಳಲು ನೋಡುತ್ತದೆ. ಖಾಸಗಿ ಕಾರಿಗೆ ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಒಳಗೆ ಕೂತವರಿಗೆ ರಕ್ಷಣೆ ಇಲ್ಲ. ಅಂಥ ಹೊತ್ತಿನಲ್ಲಿ ಲಾರಿಯವನ ತಪ್ಪು ಶೇ 30 ಎಂದು ಸಾಬೀತಾದರೂ ಸಾಕು, ಪೂರ್ತಿ ಮೊತ್ತ ಲಾರಿಯ ಕಂಪನಿಯಿಂದಲೇ ಕೇಳಬಹುದು. ಲೈಸೆನ್ಸ್ ತಕರಾರಿದ್ದರೂ ಮೊದಲು ನಿಮಗೆ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಿ ಎಂದು ಕೋರ್ಟ್ ಕಂಪನಿಗೆ ಹೇಳುವುದುಂಟು.

ರಾಜಿ ಬೇಡ ಅನ್ನುತ್ತಿಲ್ಲ. ಕೇಸ್ ಹಾಕಿ, ವೈದ್ಯರ ಸಾಕ್ಷಿ ಮುಗಿದ ಮೇಲೆ ಲೋಕ್ ಅದಾಲತ್‌ನಲ್ಲಿ ಕೂತರೆ ಮಾತಿಗೆ ಬಲ ಬರುತ್ತದೆ. ಅಲ್ಲಿಯ ತೀರ್ಪಿಗೆ ಮೇಲ್ಮನವಿ ಇಲ್ಲ ಅನ್ನುವುದು ನೆನಪಿರಲಿ. ಒಂದೇ ಕಂಪನಿಯ ಜೊತೆ ರಾಜಿಯಾದರೆ ಜಂಟಿ ಮೆಮೊದಲ್ಲಿ (ಇಬ್ಬರೂ ಸಹಿ ಹಾಕಿ ಕೊಡುವ ರಾಜಿ ಪತ್ರದಲ್ಲಿ) 'ಕ್ಲೇಮು ಪೂರ್ತಿ ಇತ್ಯರ್ಥವಾಗಿದೆ' ಎಂದು ಬರೆಯಲು ಬಿಡಬೇಡಿ. ಇನ್ನೊಂದು ಕಂಪನಿ ಆ ಸಾಲನ್ನೇ ಹಿಡಿದು ಕೈ ತೊಳೆದುಕೊಳ್ಳುತ್ತದೆ. ಈ ಎದುರುದಾರರ ಮಟ್ಟಿಗೆ ಮಾತ್ರ, ಉಳಿದವರ ಮೇಲಿನ ಹಕ್ಕು ಹಾಗೇ ಇದೆ ಎಂದು ಸ್ಪಷ್ಟವಾಗಿ ಬರೆಸಿ.

ವಿಚಾರಣೆ ನಡೆದು ತೀರ್ಪು ಬಂದರೆ ಕೊನೆಯ ಪುಟ ಮೊದಲು ಓದಿ. 'ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ' ಎಂದಿರಬೇಕು, ಅಂದರೆ ಪೂರ್ತಿ ಹಣ ಯಾರಿಂದ ಬೇಕಾದರೂ ಕೇಳಬಹುದು. ಬರೀ 70:30 ಕೊಡಿ ಎಂದಿದ್ದರೆ ಪ್ರತಿ ಕಂಪನಿಯೂ ತನ್ನ ಪಾಲಷ್ಟೇ ಠೇವಣಿ ಇಟ್ಟು ಸುಮ್ಮನಾಗುತ್ತದೆ. ಅಂಥ ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಲು 90 ದಿನ ಇರುತ್ತದೆ.